ತೋಟದ ಕೆರೆಯಿಂದ ತಿಮಿಂಗಿಲದವರೆಗೆ: ಕೊಡಗಿನ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ದಕ್ಷಿಣ ಪೆಸಿಫಿಕ್‌ನ ಟೋಂಗಾ ದ್ವೀಪಗಳಿಗೆ ಸಣ್ಣ ಗುಂಪಿನಲ್ಲಿ ಹೋಗಿ, ಸಿಲಿಂಡರ್ ಇಲ್ಲದೆ ಉಸಿರು ಹಿಡಿದು ಮುಳುಗಿ (ಇದಕ್ಕೇ ಫ್ರೀಡೈವಿಂಗ್ ಅನ್ನುವುದು), ಹಂಪ್‌ಬ್ಯಾಕ್ ತಿಮಿಂಗಿಲಗಳ ಫೋಟೊ ತೆಗೆಯುವ ಪ್ರವಾಸದ ಬಗ್ಗೆ ಬರೆದಿದ್ದೆ. ಕರಾವಳಿಯವರು ಬರೆಯುತ್ತಾರೆ ಅಂತ ಕಾದರೆ ಪ್ರಶ್ನೆಗಳೆಲ್ಲ ಬಂದಿದ್ದು ಕೊಡಗಿನಿಂದ. ನಾನೂ ಇಲ್ಲಿಯವನೇ, ಖುಷಿಯಾಯಿತು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಸರ್, ನಾನು ಚಿಕ್ಕಂದಿನಿಂದ ನಮ್ಮ ತೋಟದ ಕೆರೆಯಲ್ಲಿ ಈಜಿದವನು. ಈ ದಡದಲ್ಲಿ ಮುಳುಗಿದರೆ ಆ ದಡದಲ್ಲೇ ಏಳೋದು. ಫ್ರೀಡೈವಿಂಗ್ ಕೋರ್ಸು ಗೀರ್ಸು ಅಂತ ದುಡ್ಡು ಯಾಕೆ ಹಾಕಬೇಕು? (ಕಾಫಿ ಬೆಳೆಗಾರ, ಸಿದ್ದಾಪುರ)

ಉತ್ತರ: ಕೆರೆಯಲ್ಲಿ ಬೆಳೆದವರಿಗೆ ನೀರಿನ ಭಯ ಇರುವುದಿಲ್ಲ, ಅದು ದೊಡ್ಡ ಲಾಭ. ಆದರೂ ಕೋರ್ಸ್ ಬೇಕು, ಗೀರ್ಸೂ ಬೇಕು.

ಒಂದು ಕೇಳುತ್ತೇನೆ. ಮುಳುಗುವ ಮುಂಚೆ ಜೋರಾಗಿ ಹತ್ತು ಸಲ ಉಸಿರು ಎಳೆದು ಬಿಟ್ಟು ಹೋಗ್ತೀರಿ ಅಲ್ವಾ? ನಮ್ಮ ಕಡೆ ಹುಡುಗರೆಲ್ಲ ಮಾಡುವುದು ಹಾಗೇ. ಅಪಾಯ ಇರುವುದು ಅಲ್ಲೇ. ಉಸಿರಿಗಾಗಿ ಎದೆ ಒದ್ದಾಡುವುದು ಆಮ್ಲಜನಕ ಮುಗಿಯಿತು ಅಂತಲ್ಲ, ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿತು ಅಂತ. ಜೋರಾಗಿ ಉಸಿರಾಡಿದರೆ ಆ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಆಮ್ಲಜನಕ ಮಾತ್ರ ಹೇಳಿಕೊಳ್ಳುವಷ್ಟು ಹೆಚ್ಚಾಗುವುದಿಲ್ಲ. ಹಾಗಾಗಿ 'ಮೇಲೆ ಹೋಗು' ಅನ್ನುವ ಎಚ್ಚರಿಕೆ ತಡವಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಆಳಕ್ಕೆ ಹೋದರೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. 10 ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಆ ಒತ್ತಡದಿಂದಲೇ ಇರುವ ಸ್ವಲ್ಪ ಆಮ್ಲಜನಕವೂ ರಕ್ತಕ್ಕೆ ಇಳಿಯುತ್ತಿರುತ್ತದೆ, ಆರಾಮಾಗಿದ್ದೇನೆ ಅನ್ನಿಸುತ್ತದೆ. ಮೇಲೆ ಬರುತ್ತಾ ಒತ್ತಡ ಇಳಿಯುತ್ತದೆ, ಇನ್ನೇನು ತಲೆ ನೀರಿನಿಂದ ಹೊರಗೆ ಬರಬೇಕು ಅನ್ನುವಾಗ ಎಚ್ಚರ ತಪ್ಪುತ್ತದೆ. ಪಕ್ಕದಲ್ಲಿ ತಿಳಿದವರೊಬ್ಬರಿದ್ದರೆ ಮುಖ ಮೇಲೆತ್ತಿ ಹಿಡಿಯುತ್ತಾರೆ, ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೇ ಉಸಿರು ತಿರುಗುತ್ತದೆ. ಯಾರೂ ಇಲ್ಲದಿದ್ದರೆ ಮುಗಿಯಿತು.

ಕೋರ್ಸ್‌ನಲ್ಲಿ ಹೇಳಿಕೊಡುವ ಮುಖ್ಯ ವಿಷಯ ಇದೇ. ಒಬ್ಬರು ಕೆಳಗೆ, ಒಬ್ಬರು ಮೇಲೆ ಕಣ್ಣಿಟ್ಟು. ಮೇಲೆ ಬಂದ ಮೇಲೂ ಅರ್ಧ ನಿಮಿಷ ಕಣ್ಣು ತೆಗೆಯುವಂತಿಲ್ಲ. ಜೊತೆಗೆ ಕಿವಿಯ ಒತ್ತಡ ಬಿಡಿಸುವುದು, ಸೊಂಟದ ತೂಕದ ಬೆಲ್ಟನ್ನು ಒಂದೇ ಕೈಯಲ್ಲಿ ಬಿಚ್ಚುವುದು, ಸದ್ದಿಲ್ಲದೆ ತಲೆಕೆಳಗಾಗಿ ಇಳಿಯುವುದು. ಪ್ಯಾಡಿ, ಐಡಾ, ಎಸ್‌ಎಸ್‌ಐ, ಈ ತರಬೇತಿ ಸಂಸ್ಥೆಗಳಲ್ಲಿ ಯಾವುದಾದರೂ ಸರಿ, ಮೊದಲ ಹಂತ ಎರಡು ಮೂರು ದಿನದ್ದು. ಪ್ಯಾಡಿಯ ಮೊದಲ ಹಂತಕ್ಕೆ ಅಲುಗಾಡದೆ 90 ಸೆಕೆಂಡ್ ಉಸಿರು ಹಿಡಿಯಬೇಕು, ಕನಿಷ್ಠ 10 ಮೀಟರ್ ಇಳಿಯಬೇಕು. ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಕಲಿಸುವವರಿದ್ದಾರೆ. ನಮಗೆ ಹತ್ತಿರದ ಮುರುಡೇಶ್ವರ, ನೇತ್ರಾಣಿ ಕಡೆ ನಡೆಯುವುದು ಮುಖ್ಯವಾಗಿ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ. ಆದರೂ ತಳ ಕಾಣದ ನೀರಿನಲ್ಲಿ, ಅಲೆಯ ಮೇಲೆ ಅರ್ಧ ಗಂಟೆ ತೇಲಿದರೆ ಹೊಟ್ಟೆ ತೊಳಸುತ್ತದಾ ಇಲ್ಲವಾ ಅನ್ನುವುದಾದರೂ ಅಲ್ಲಿ ಗೊತ್ತಾಗುತ್ತದೆ.

ಅಲ್ಲಿಯವರೆಗೆ ಕೆರೆಯಲ್ಲಿ ಒಬ್ಬರೇ ಮುಳುಗಿ ಪ್ರಾಕ್ಟೀಸ್ ಮಾಡುವುದನ್ನು ಇವತ್ತೇ ನಿಲ್ಲಿಸಿ. ಕೆಸರು ನೀರಿನಲ್ಲಿ ಬಿದ್ದವರನ್ನು ಹುಡುಕುವುದೇ ಕಷ್ಟ. ಉಸಿರು ಹಿಡಿಯುವ ಅಭ್ಯಾಸ ಬೇಕಾದರೆ ಮನೆಯಲ್ಲಿ ಮಂಚದ ಮೇಲೆ ಮಲಗಿಕೊಂಡು ಮಾಡಿ.

ಪ್ರಶ್ನೆ: ಎಷ್ಟು ನಿಮಿಷ ಉಸಿರು ಹಿಡಿಯಲು ಬಂದರೆ ಸಾಕು? (ಪೊನ್ನಂಪೇಟೆ)

ಉತ್ತರ: ಈಜುತ್ತಾ ಮುಕ್ಕಾಲು ನಿಮಿಷ ಗಾಬರಿ ಇಲ್ಲದೆ ಇರಬಲ್ಲಿರಾ? ಸಾಕು. ಐದಾರು ಮೀಟರ್ ಆಳ ಧಾರಾಳವಾಯಿತು. ದೊಡ್ಡ ತಿಮಿಂಗಿಲ ಒಂದು ಉಸಿರಿಗೆ ಕಾಲು ಗಂಟೆ, ಅರ್ಧ ಗಂಟೆ ಕೆಳಗಿರುತ್ತದೆ, ಅದರ ಜೊತೆ ಪಂದ್ಯ ಕಟ್ಟಲು ಆಗುವುದಿಲ್ಲ. ಒಳ್ಳೆಯ ಫೋಟೊಗಳಲ್ಲಿ ಎಷ್ಟೋ ನೀರಿನ ಮೇಲೆ ಸುಮ್ನೆ ತೇಲುತ್ತಾ ತೆಗೆದವು.

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್, ನನ್ನ ಗಂಡ ತೋಟ ನೋಡಿಕೊಳ್ಳುತ್ತಾರೆ. ಇಬ್ಬರಿಗೂ ಒಟ್ಟಿಗೆ ಬಿಡುವು ಸಿಗುವ ಸಮಯಕ್ಕೆ ತಿಮಿಂಗಿಲ ಸಿಗುತ್ತವಾ? (ಮಡಿಕೇರಿ)

ಉತ್ತರ: ನಿಮ್ಮ ಅದೃಷ್ಟ ಚೆನ್ನಾಗಿದೆ ಮೇಡಂ. ದಕ್ಷಿಣದ ಹಂಪ್‌ಬ್ಯಾಕ್‌ಗಳು ಟೋಂಗಾಕ್ಕೆ ಬರುವುದು ಜುಲೈನಿಂದ ಅಕ್ಟೋಬರ್‌ವರೆಗೆ, ಅಂದರೆ ಇಲ್ಲಿ ಮಳೆ ಹೊಡೆಯುವಾಗ. ಕೊಯ್ಲು ಇನ್ನೂ ದೂರ ಇರುತ್ತದೆ. ಕೈಲ್‌ಪೊಳ್ದ್ ಹಬ್ಬ ಮುಗಿಸಿ ಹೊರಟರೆ ಸೆಪ್ಟೆಂಬರ್, ಅದೇ ಒಳ್ಳೆಯ ಕಾಲ. ಆದರೆ ನಿಮಗೆ ರಜೆ ಇರುವುದು ದಸರಾಕ್ಕೆ. ದಸರಾ ಅಕ್ಟೋಬರ್ ಮೊದಲ ವಾರಕ್ಕೆ ಬಿದ್ದ ವರ್ಷ ಹೋಗಬಹುದು. ಅಷ್ಟು ಹೊತ್ತಿಗೆ ಕೆಲವು ವಾಪಸ್ ಹೊರಟಿರುತ್ತವೆ. ಉಳಿದ ಮರಿಗಳು ಮಾತ್ರ ಬೆಳೆದು ಧೈರ್ಯವಾಗಿರುತ್ತವೆ, ತಾವೇ ಹತ್ತಿರ ಬಂದು ನೋಡುತ್ತವೆ. ದಸರಾ ಕೊನೆಗೆ ಜಾರಿದ ವರ್ಷ ಬೇಡ.

ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ, ರುರುಟು ಕಡೆಯೂ ಹೆಚ್ಚುಕಮ್ಮಿ ಇದೇ ಕಾಲ. ಡೊಮಿನಿಕನ್ ಗಣರಾಜ್ಯದ ಸಿಲ್ವರ್ ಬ್ಯಾಂಕ್ ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ, ನಿಜ, ಚೆನ್ನಾಗಿದೆ, ಹಡಗಿನಲ್ಲೇ ಒಂದು ವಾರ ಇರಬಹುದು. ಆದರೆ ಅಲ್ಲಿಗೆ ಬರುವುದು ಉತ್ತರ ಅಟ್ಲಾಂಟಿಕ್‌ನ ತಿಮಿಂಗಿಲಗಳು, ಕಾಲ ಜನವರಿಯಿಂದ ಏಪ್ರಿಲ್. ರೊಬಸ್ಟಾ ಕೊಯ್ಲು, ಆಮೇಲೆ ಹೂ ಮಳೆಗೆ ಕಾಯುವ ಸಮಯ. ನಿಮ್ಮ ಯಜಮಾನರು ಬರುವುದಿಲ್ಲ.

ಇನ್ನೊಂದು, ಟೋಂಗಾದಲ್ಲಿ ಭಾನುವಾರ ಎಲ್ಲ ಬಂದ್, ತಿಮಿಂಗಿಲದ ದೋಣಿಯೂ ಹೊರಡುವುದಿಲ್ಲ. ದಿನ ಲೆಕ್ಕ ಹಾಕುವಾಗ ಅದನ್ನು ಕಳೆಯಿರಿ.

ಪ್ರಶ್ನೆ: ಒಂದೇ ಜಾಗ, ಅಷ್ಟೇ ದಿನ. ಒಬ್ಬರು ಹೇಳುವ ರೇಟಿಗೂ ಇನ್ನೊಬ್ಬರದಕ್ಕೂ ಅಜಗಜಾಂತರ. 'ಸ್ಮಾಲ್ ಗ್ರೂಪ್' ಅಂತ ಎಲ್ಲರೂ ಹಾಕಿಕೊಂಡಿದ್ದಾರೆ. ಹೇಗೆ ಆರಿಸುವುದು? (ವಿರಾಜಪೇಟೆ)

ಉತ್ತರ: ಟೋಂಗಾದಲ್ಲಿ ಒಂದು ಸಲಕ್ಕೆ ನೀರಿನಲ್ಲಿ ನಾಲ್ಕು ಜನ, ಜೊತೆಗೊಬ್ಬ ಗೈಡ್, ಅಷ್ಟೇ. ಅದು ಅಲ್ಲಿನ ಕಾನೂನು. ಈಗ ಲೆಕ್ಕ ನೋಡಿ. ದೋಣಿಯಲ್ಲಿ ನಾಲ್ಕೇ ಜನ ಇದ್ದರೆ ಪ್ರತಿ ಸಲವೂ ನೀವು ಇಳಿಯುತ್ತೀರಿ. ಎಂಟು ಜನ ಇದ್ದರೆ ಅರ್ಧ ಹೊತ್ತು ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಕೂರಬೇಕು, ಹನ್ನೆರಡಾದರೆ ಕೇಳುವುದೇ ಬೇಡ. ಅಗ್ಗ ಅಂತ ಕಂಡಿದ್ದನ್ನು ನೀರಿನಲ್ಲಿ ಸಿಗುವ ಸಮಯದಿಂದ ಭಾಗಿಸಿದರೆ ಎಷ್ಟೋ ಸಲ ದುಬಾರಿಯೇ ಆಗಿರುತ್ತದೆ. ಆದ್ದರಿಂದ 'ಗುಂಪಿನಲ್ಲಿ ಎಷ್ಟು ಜನ' ಅಂತ ಕೇಳಬೇಡಿ, 'ಒಂದು ದೋಣಿಗೆ ಎಷ್ಟು ಜನ' ಅಂತ ಕೇಳಿ.

ಆಮೇಲೆ, ದೋಣಿಗೆ ಲೈಸೆನ್ಸ್ ಇದೆಯಾ, ನೀರಿನಲ್ಲಿ ಎಷ್ಟು ದಿನ, ಗಾಳಿ ಜೋರಾಗಿ ದೋಣಿ ಹೊರಡದ ದಿನಕ್ಕೆ ಏನು ವ್ಯವಸ್ಥೆ, ದೋಣಿಯಲ್ಲಿ ಆಕ್ಸಿಜನ್ ಇದೆಯಾ, ಗೈಡ್‌ಗೆ ಪ್ರಥಮ ಚಿಕಿತ್ಸೆ ಗೊತ್ತಾ, ಇವಕ್ಕೆಲ್ಲ ಬರಹದಲ್ಲಿ ಉತ್ತರ ತಗೊಳ್ಳಿ. ಮೂರು ದಿನದ ಪ್ರವಾಸಕ್ಕೆ ಅಷ್ಟು ದೂರ ಹೋಗಬೇಡಿ, ಎರಡು ದಿನ ಗಾಳಿಯೇ ತಿಂದುಬಿಡಬಹುದು. 'ತಿಮಿಂಗಿಲ ಗ್ಯಾರಂಟಿ, ಮುಟ್ಟುವಷ್ಟು ಹತ್ತಿರ' ಅನ್ನುವವರನ್ನು ಅಲ್ಲಿಗೇ ಬಿಡಿ. ಹಾಗೆ ಹೇಳುವವರು ಗ್ಯಾರಂಟಿ ಉಳಿಸಿಕೊಳ್ಳಲು ತಿಮಿಂಗಿಲವನ್ನು ಅಟ್ಟಿಸಿಕೊಂಡು ಹೋಗುತ್ತಾರೆ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ, ವಿಮಾನ, ವಸತಿ, ದೋಣಿ ಎಲ್ಲ ಸೇರಿ ಲಕ್ಷಗಳಲ್ಲೇ ಹೋಗುತ್ತದೆ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಫಿಜಿ, ಆಕ್ಲೆಂಡ್ ಅಥವಾ ಸಿಡ್ನಿ ದಾಟಿ ಹೋಗಬೇಕು. ಟಿಕೆಟ್ ಮಾಡುವ ಮುಂಚೆ ದಾರಿಯ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕಾ ಅಂತ ವಿಚಾರಿಸಿ. ಇನ್ಶೂರೆನ್ಸ್‌ನಲ್ಲಿ ಫ್ರೀಡೈವಿಂಗ್ ಸೇರಿದೆಯಾ ಅಂತ ಸಣ್ಣ ಅಕ್ಷರವನ್ನೂ ಓದಿ.

ಪ್ರಶ್ನೆ: ಮದುವೆ ಫೋಟೊ ತೆಗೆಯೋದು ನನ್ನ ಕೆಲಸ. ಫುಲ್ ಫ್ರೇಮ್ ಕ್ಯಾಮೆರಾ, 70-200 ಲೆನ್ಸ್, ಎರಡು ಫ್ಲಾಶ್ ಇವೆ. ಇನ್ನೇನು ಬೇಕು ಅಣ್ಣಾ? (ಕುಶಾಲನಗರ)

ಉತ್ತರ: ಫ್ಲಾಶ್ ಎರಡನ್ನೂ ಮನೆಯಲ್ಲಿ ಬಿಡಿ. ಅಷ್ಟು ದೊಡ್ಡ ಮೈಗೆ ಆ ಬೆಳಕು ಎಲ್ಲಿಗೆ ಸಾಲುತ್ತದೆ? ನೀರಿನ ಕಣಗಳು ಮಾತ್ರ ಬೆಳ್ಳಗೆ ಹೊಳೆದು ಫೋಟೊ ಹಾಳಾಗುತ್ತದೆ, ಪ್ರಾಣಿಗೂ ಕಿರಿಕಿರಿ. ಸೂರ್ಯನ ಬೆಳಕೇ ಗತಿ, ಆದಷ್ಟು ನಿಮ್ಮ ಬೆನ್ನ ಹಿಂದೆ ಇರಲಿ. 70-200 ತನ್ನಿ, ಆದರೆ ಅದು ದೋಣಿ ಮೇಲಿಂದ ಬಾಲ, ಜಿಗಿತ ತೆಗೆಯಲು. ನೀರಿನೊಳಗೆ ವೈಡ್ ಬೇಕು, 16-35 ಅಥವಾ ಫಿಶ್‌ಐ. ಹಂಪ್‌ಬ್ಯಾಕ್ 12ರಿಂದ 16 ಮೀಟರ್ ಉದ್ದ, ಪಕ್ಕದ ರೆಕ್ಕೆಯೇ ಮೈಯ ಮೂರನೇ ಒಂದು ಭಾಗದಷ್ಟು ಬರುತ್ತದೆ. ದೂರ ನಿಂತು ಜೂಮ್ ಮಾಡಿದರೆ ನಡುವೆ ಇರುವ ನೀರೆಲ್ಲ ಮಂಜಿನ ಹಾಗೆ ಫೋಟೊದಲ್ಲಿ ಬರುತ್ತದೆ.

ಹೌಸಿಂಗ್, ಅಂದರೆ ಕ್ಯಾಮೆರಾಕ್ಕೆ ನೀರು ತಾಗದಂತೆ ಹಾಕುವ ಪೆಟ್ಟಿಗೆ, ಹೊಸದು ಕೊಂಡರೆ ಕ್ಯಾಮೆರಾದಷ್ಟೇ ದುಡ್ಡು, ಜಾಸ್ತಿಯೂ ಆಗಬಹುದು. ಮೊದಲ ಸಲಕ್ಕೆ ಬಾಡಿಗೆ ತಗೊಳ್ಳಿ. ಅದೂ ಬೇಡ ಅಂದರೆ ಒಂದು ಗೋಪ್ರೊ ಸಾಕು, ನಿಜವಾಗಿಯೂ ಸಾಕು. ದೊಡ್ಡ ಹೌಸಿಂಗ್ ತಳ್ಳಿಕೊಂಡು ಈಜುವುದು ಸುಲಭವಲ್ಲ. ಈಜಿ ಸುಸ್ತಾದವರು ಉಸಿರು ಹಿಡಿಯುವುದಿಲ್ಲ, ಫ್ರೇಮೂ ಹಿಡಿಯುವುದಿಲ್ಲ.

ಸೆಟ್ಟಿಂಗ್ ದೋಣಿಯಲ್ಲೇ ಮಾಡಿ ಮುಗಿಸಿ. ಶಟರ್ 1/250ಕ್ಕಿಂತ ಕೆಳಗೆ ಬೇಡ, ಮರಿ ಆಡುತ್ತಿದ್ದರೆ 1/500. ಅಪರ್ಚರ್ ಎಫ್ 8 ಆಸುಪಾಸು, ಐಎಸ್‌ಒ ಆಟೊ, ಫೈಲ್ ರಾ. ನೀರು ಮೊದಲ ಕೆಲವು ಮೀಟರ್‌ನಲ್ಲೇ ಕೆಂಪು ಬಣ್ಣ ನುಂಗುತ್ತದೆ, ರಾ ಇದ್ದರೆ ಆಮೇಲೆ ಸ್ವಲ್ಪ ಸರಿ ಮಾಡಬಹುದು. ನೀರಿಗೆ ಇಳಿದ ಮೇಲೆ ಸ್ಕ್ರೀನ್ ನೋಡುತ್ತಾ ಕೂರಬೇಡಿ. ಮಂಟಪದಲ್ಲಿ ಧಾರೆ ಎರೆಯುವಾಗ ಹಿಂದಿನ ಫೋಟೊ ನೋಡುತ್ತೀರಾ? ಇಲ್ಲ ತಾನೇ.

ಕೊಡಗಿನವರಿಗೆ ಇನ್ನೊಂದು ಮಾತು. ನಮ್ಮ ಮಳೆಗಾಲದಲ್ಲಿ ಲೆನ್ಸ್‌ಗೆ ಫಂಗಸ್ ಹಿಡಿಯುವುದು ನಿಮಗೇ ಗೊತ್ತು. ಪ್ರವಾಸ ಬೀಳುವುದೂ ಅದೇ ತಿಂಗಳಲ್ಲಿ. ಹೊರಡುವವರೆಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಒಲೆ ಮೇಲಿನ ಅಟ್ಟದಲ್ಲಿ ಒಣಗಲು ಇಡುವ ಐಡಿಯಾ ಬೇಡ, ಅಲ್ಲಿ ಹೊಗೆಯೂ ಇದೆ, ಜಿಡ್ಡೂ ಇದೆ. ಹೌಸಿಂಗ್‌ನ ರಬ್ಬರ್ ರಿಂಗ್ ಮೇಲೆ ಒಂದು ಕೂದಲು ಕೂತರೂ ನೀರು ಒಳಗೆ. ರಾತ್ರಿ ಸುಸ್ತಾಗಿ ನಿದ್ದೆಗಣ್ಣಲ್ಲಿ ಮುಚ್ಚುವ ಬದಲು ಬೆಳಗ್ಗೆ ಎದ್ದು, ಒಣಗಿದ ಕೋಣೆಯಲ್ಲಿ, ಒಳ್ಳೆ ಬೆಳಕಿನಲ್ಲಿ ಮುಚ್ಚಿ.

ಪ್ರಶ್ನೆ: ರಸ್ತೆಯಲ್ಲಿ ಆನೆ ಕಂಡರೆ ಕಾರು ನಿಲ್ಲಿಸಿ ಮೊಬೈಲ್ ಹಿಡಿಯುವ ಟೂರಿಸ್ಟ್‌ಗಳಿಗೆ ನಾವೇ ಬೈತೀವಿ. ದುಡ್ಡು ಕೊಟ್ಟು ಹೋಗಿ ಮರಿ ಇರುವ ತಿಮಿಂಗಿಲದ ಪಕ್ಕ ನೀರಿಗೆ ಇಳಿಯುವುದು ಅದಕ್ಕಿಂತ ಹೇಗೆ ಬೇರೆ? (ಮಾಲ್ದಾರೆ)

ಉತ್ತರ: ಬಂದ ಪತ್ರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಪೂರ್ತಿ ಬೇರೆ ಅಂತ ನಾನು ವಾದಿಸುವುದಿಲ್ಲ. ಮರಿಯಾನೆ ಜೊತೆಗಿರುವ ತಾಯಿಯ ಎದುರು ತೋಟದಲ್ಲಿ ನಾವು ಹೇಗೆ ನಿಲ್ಲುತ್ತೇವೋ, ಅಲ್ಲೂ ಹಾಗೇ ಇರಬೇಕು.

ಅಲ್ಲಿರುವ ತಾಯಿಯ ಸ್ಥಿತಿ ನೋಡಿ. ಅದು ಅಂಟಾರ್ಕ್ಟಿಕದ ತಣ್ಣನೆಯ ನೀರಿನಲ್ಲಿ ಬೇಸಿಗೆಯಿಡೀ ಕ್ರಿಲ್ ಅನ್ನುವ ಸಣ್ಣ ಸೀಗಡಿಯಂಥ ಜೀವಿಗಳನ್ನು ತಿಂದು ಕೊಬ್ಬು ಕೂಡಿಸಿಕೊಂಡಿರುತ್ತದೆ. ಆಮೇಲೆ ಸಾವಿರಾರು ಕಿಲೋಮೀಟರ್ ಈಜಿ ಬೆಚ್ಚಗಿನ ನೀರಿಗೆ ಬಂದು ಹೆರುತ್ತದೆ. ಇಲ್ಲಿ ಅದಕ್ಕೆ ಊಟ ಇಲ್ಲವೇ ಇಲ್ಲ ಅನ್ನಬಹುದು. ತಿಂಗಳುಗಟ್ಟಲೆ ಉಪವಾಸ, ಅದರ ಮೇಲೆ ಕೊಬ್ಬು ತುಂಬಿದ ಗಟ್ಟಿ ಹಾಲು ಕೊಡಬೇಕು, ಮರಿಯನ್ನು ದಕ್ಷಿಣಕ್ಕೆ ಕರೆದುಕೊಂಡು ಹೋಗುವಷ್ಟು ಬೆಳೆಸಬೇಕು. ನಾವು ಒಂದು ಸಲ ಓಡಿಸಿದರೆ ಅಷ್ಟು ಕೊಬ್ಬು ಖರ್ಚು. ಬೆಳಗ್ಗೆಯಿಂದ ಸಂಜೆವರೆಗೆ ದೋಣಿ ಮೇಲೆ ದೋಣಿ ಬಂದರೆ? ಹಾಗಾಗಿಯೇ ಒಂದು ದೋಣಿ ಒಂದು ತಾಯಿ-ಮರಿ ಜೋಡಿಯ ಜೊತೆ ಒಂದೂವರೆ ಗಂಟೆಗಿಂತ ಹೆಚ್ಚು ಇರಬಾರದು ಅಂತ ಟೋಂಗಾದಲ್ಲಿ ನಿಯಮ ಇದೆ. ಸ್ಕೂಬಾ ಸಿಲಿಂಡರ್ ಹಾಕಿಕೊಂಡು ಅವುಗಳ ಹತ್ತಿರ ಹೋಗುವಂತಿಲ್ಲ. ಸಿಲ್ವರ್ ಬ್ಯಾಂಕ್‌ನಲ್ಲೂ ಸುಮ್ಮನೆ ಮೇಲೆ ತೇಲುವುದೇ ಪದ್ಧತಿ.

ಒಳ್ಳೆಯ ಗೈಡ್ ಹೇಗೆ ಮಾಡುತ್ತಾರೆ ಅಂದರೆ, ದೂರದಲ್ಲೇ ದೋಣಿ ನಿಧಾನ ಮಾಡಿ ಮೊದಲು ಸುಮ್ಮನೆ ನೋಡುತ್ತಾರೆ. ತಾಯಿ ನಿಂತಿದೆಯಾ, ಹೊರಟಿದೆಯಾ, ಎಷ್ಟು ಹೊತ್ತಿಗೊಮ್ಮೆ ಉಸಿರಾಡುತ್ತಿದೆ. ಹೊರಟಿದ್ದರೆ ಬಿಟ್ಟುಬಿಡುತ್ತಾರೆ. ನಿಂತಿದ್ದರೆ ಎಲ್ಲರೂ ದೋಣಿಯ ಹಿಂದಿನಿಂದ ಜಾರಿ ಇಳಿಯಬೇಕು, ದುಮುಕುವಂತಿಲ್ಲ, ಕಾಲು ನೀರಿನ ಮೇಲೆ ಬಡಿಯುವಂತಿಲ್ಲ. ಒಟ್ಟಿಗೆ ಗುಂಪಾಗಿ, ಬದಿಯಿಂದ ಹೋಗಿ ನಿಲ್ಲಬೇಕು. ಕೆಳಗೆ ತಾಯಿ ಮಲಗಿರುತ್ತದೆ, ಮರಿ ಮಾತ್ರ ಮೂರರಿಂದ ಐದು ನಿಮಿಷಕ್ಕೊಮ್ಮೆ ಉಸಿರಿಗೆ ಮೇಲೆ ಬರುತ್ತದೆ. ಒಂದು ಸುತ್ತು ಹೊಡೆಯುತ್ತದೆ, ನಿಮ್ಮನ್ನು ನೋಡುತ್ತದೆ, ಮತ್ತೆ ತಾಯಿಯ ಗದ್ದದ ಕೆಳಗೆ ಹೋಗುತ್ತದೆ. ಆಗ ನೀವು ಮುಳುಗಬಾರದು. ಕಲಿತು ಬಂದ ಫ್ರೀಡೈವಿಂಗ್ ಎಲ್ಲ ದಂಡವಾಯಿತಾ ಅಂತ ಅನ್ನಿಸಬಹುದು. ಇಲ್ಲ, ಆ ಹೊತ್ತಿನಲ್ಲಿ ಎದೆ ಬಡಿತ ಏರದೆ ತೇಲಲು ಬರುವುದು ಆ ಕಲಿಕೆಯಿಂದಲೇ. ಗೈಡ್ ಸನ್ನೆ ಮಾಡಿದರೆ ಮಾತ್ರ ಕೆಳಗೆ. ಅದೂ ಹೆಚ್ಚಾಗಿ ಮರಿ ಇಲ್ಲದ, ಆರಾಮಾಗಿರುವ ದೊಡ್ಡ ತಿಮಿಂಗಿಲ ಇದ್ದಾಗ.

ತಾಯಿ ಎರಡು ಸಲ ದಿಕ್ಕು ಬದಲಿಸಿತು, ನಿಮಗೂ ಮರಿಗೂ ನಡುವೆ ಬಂತು, ಬಾಲ ಬಡಿಯಿತು ಅಂದರೆ ಮುಗಿಯಿತು, ದೋಣಿಗೆ ವಾಪಸ್. 2020ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ನಿಂಗಲೂ ಕಡಲಲ್ಲಿ ಹೀಗೆ ಹಂಪ್‌ಬ್ಯಾಕ್ ಜೊತೆ ಈಜಲು ಇಳಿದಿದ್ದ ಮಹಿಳೆಗೆ ಏಟು ಬಿದ್ದು ಪಕ್ಕೆಲುಬು ಮುರಿಯಿತು, ಒಳಗೆ ರಕ್ತಸ್ರಾವವೂ ಆಯಿತು. ತಿಮಿಂಗಿಲ ಸಾಧು ಪ್ರಾಣಿ ಅನ್ನುವ ಮಾತು ಅರ್ಧ ಮಾತ್ರ ನಿಜ.

ಇನ್ನು, ಈ ಪ್ರವಾಸವೇ ತಿಮಿಂಗಿಲವನ್ನು ಉಳಿಸುತ್ತಿದೆ ಅನ್ನುವವರಿದ್ದಾರೆ. ಅದರಲ್ಲಿ ಸ್ವಲ್ಪ ಹುರುಳಿದೆ. ಟೋಂಗಾದವರು ಹಿಂದೆ ಮಾಂಸಕ್ಕೆ ತಿಮಿಂಗಿಲ ಹೊಡೆಯುತ್ತಿದ್ದರು. 1978ರಲ್ಲಿ ಅಲ್ಲಿನ ರಾಜ ನಾಲ್ಕನೇ ಟೌಫಾಹೌ ಟುಪೌ ಅದನ್ನು ನಿಲ್ಲಿಸಿದರು. ಈಗ ಜೀವಂತ ತಿಮಿಂಗಿಲದಿಂದ ಎಷ್ಟೋ ಮನೆಗಳಿಗೆ ಸಂಪಾದನೆ. ಆದರೆ ಆ ಮಾತನ್ನು ಹೇಳಿಕೊಂಡೇ ದಿನವಿಡೀ ಅಟ್ಟಾಡಿಸುವ ದೋಣಿಗಳೂ ಇವೆ. ನಿಮ್ಮ ದೋಣಿ ಹಾಗೆ ಮಾಡಿದರೆ ಬಾಯಿ ಬಿಟ್ಟು ಹೇಳಿ. ದುಡ್ಡು ಕೊಟ್ಟಿರುವುದು ನೀವು. ಹೋಗುವುದೇ ಬೇಡ ಅಂತ ನೀವು ತೀರ್ಮಾನಿಸಿದರೆ ಅದರಲ್ಲೂ ತಪ್ಪು ಹುಡುಕುವುದಿಲ್ಲ ನಾನು.

ಪ್ರಶ್ನೆ: ಅಷ್ಟು ದೂರ ಯಾಕೆ? ನಮ್ಮ ಅರಬ್ಬೀ ಸಮುದ್ರದಲ್ಲಿ ಹಂಪ್‌ಬ್ಯಾಕ್ ಇಲ್ವಾ? (ನಾಪೋಕ್ಲು)

ಉತ್ತರ: ಇವೆ, ಅದೇ ಆಶ್ಚರ್ಯ. ಬೇರೆ ಹಂಪ್‌ಬ್ಯಾಕ್‌ಗಳು ವರ್ಷಕ್ಕೊಮ್ಮೆ ಧ್ರುವದ ಕಡೆ ಹೋಗಿ ಬಂದರೆ ಇವು ಎಲ್ಲೂ ಹೋಗುವುದಿಲ್ಲ, ವರ್ಷವಿಡೀ ಅರಬ್ಬೀ ಸಮುದ್ರದಲ್ಲೇ. ಕೊಡಗಿನ ಮೇಲೆ ಸುರಿಯುವ ನೈಋತ್ಯ ಮಾನ್ಸೂನ್ ಇದೆಯಲ್ಲ, ಅದೇ ಗಾಳಿ ಒಮಾನ್ ಕರಾವಳಿಯಲ್ಲಿ ಆಳದ ತಣ್ಣನೆಯ, ಸತ್ವ ತುಂಬಿದ ನೀರನ್ನು ಮೇಲಕ್ಕೆ ತರುತ್ತದೆ. ಅದರಿಂದ ಮೀನು, ಕ್ರಿಲ್ ಜಾಸ್ತಿಯಾಗುತ್ತವೆ. ಊಟ ಮನೆ ಬಾಗಿಲಲ್ಲೇ ಸಿಕ್ಕರೆ ಅಂಟಾರ್ಕ್ಟಿಕಕ್ಕೆ ಯಾಕೆ ಹೋಗಬೇಕು? ಸುಮಾರು 70,000 ವರ್ಷಗಳಿಂದ ಇವು ಉಳಿದವುಗಳಿಂದ ಬೇರೆಯಾಗಿಯೇ ಇವೆ ಅಂತ ವಂಶವಾಹಿ ಅಧ್ಯಯನ ಹೇಳುತ್ತದೆ. 2017ರಲ್ಲಿ ಒಮಾನ್‌ನಲ್ಲಿ ಸ್ಯಾಟಲೈಟ್ ಟ್ಯಾಗ್ ಹಾಕಿದ 'ಲುಬಾನ್' ಅನ್ನುವ ಹೆಣ್ಣು ತಿಮಿಂಗಿಲ ಇಡೀ ಸಮುದ್ರ ದಾಟಿ ನಮ್ಮ ಪಶ್ಚಿಮ ಕರಾವಳಿಗೆ ಬಂದು ತಿರುಗಿ ಹೋಯಿತು.

ಆದರೆ ಒಮಾನ್ ಕಡೆ ಇರುವುದು ನೂರಕ್ಕಿಂತ ಕಡಿಮೆ ಅಂತ ಅಂದಾಜು. 1966ರಲ್ಲಿ ಸೋವಿಯತ್ ಹಡಗುಗಳು ಕಾನೂನು ಮೀರಿ 240ರಷ್ಟನ್ನು ಕೊಂದವು. ನಮ್ಮ 1972ರ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿ ಇವಕ್ಕೆ ರಕ್ಷಣೆ ಇದೆ. ಇಲ್ಲಿ ಇವುಗಳ ಜೊತೆ ಈಜಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಹೋಗಬೇಡಿ.

ಪ್ರಶ್ನೆ: ತಿಮಿಂಗಿಲ ಹಾಡುತ್ತದಂತೆ. ನೀರಿನಲ್ಲಿ ನಮಗೆ ಕೇಳಿಸುತ್ತಾ? (ಪಿಯುಸಿ ವಿದ್ಯಾರ್ಥಿನಿ, ಸೋಮವಾರಪೇಟೆ)

ಉತ್ತರ: ಕೇಳಿಸುತ್ತದಮ್ಮಾ, ಹತ್ತಿರ ಇದ್ದರೆ ಎದೆಗೂಡೇ ನಡುಗುತ್ತದೆ. ಹಾಡುವುದು ಗಂಡು ಮಾತ್ರ, ಹೆಚ್ಚಾಗಿ ಸಂತಾನದ ಕಾಲದಲ್ಲಿ. ತಲೆ ಕೆಳಗೆ ಮಾಡಿ ನಿಂತು, ಹತ್ತಿಪ್ಪತ್ತು ನಿಮಿಷದ ಒಂದೇ ಹಾಡನ್ನು ಗಂಟೆಗಟ್ಟಲೆ ಮತ್ತೆ ಮತ್ತೆ ಹಾಡುತ್ತದೆ. ಅದು ಬರೀ ಸದ್ದಲ್ಲ, ಕ್ರಮ ಇರುವ ಹಾಡು ಅಂತ ಸಂಶೋಧಕರಾದ ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ 1971ರಲ್ಲಿ ತೋರಿಸಿದರು. ಒಂದು ಪ್ರದೇಶದ ಗಂಡುಗಳೆಲ್ಲ ಒಂದೇ ಹಾಡು ಹಾಡುತ್ತವೆ, ಅದು ವರ್ಷ ವರ್ಷ ಬದಲಾಗುತ್ತದೆ. ದಕ್ಷಿಣ ಪೆಸಿಫಿಕ್‌ನಲ್ಲಿ ಆಸ್ಟ್ರೇಲಿಯಾ ಕಡೆ ಹುಟ್ಟಿದ ಹೊಸ ಹಾಡು ಒಂದೆರಡು ವರ್ಷದಲ್ಲಿ ಪೂರ್ವಕ್ಕೆ, ಫ್ರೆಂಚ್ ಪಾಲಿನೇಷ್ಯಾವರೆಗೂ ಹರಡುತ್ತದೆ. ಹೋಗುವವರು ವಿಡಿಯೊ ಆನ್ ಮಾಡಿಡಿ, ಫೋಟೊದಲ್ಲಿ ಇದು ಬರುವುದಿಲ್ಲ.

ಪ್ರಶ್ನೆ: ನನಗೆ 58, ಬಿಪಿ ಮಾತ್ರೆ ತಗೊಳ್ತೀನಿ, ಮಳೆಗಾಲದಲ್ಲಿ ಶೀತ ಬಿಡುವುದೇ ಇಲ್ಲ. ಮಗ ಟಿಕೆಟ್ ಮಾಡಿಸ್ತೀನಿ ಅಂತಾನೆ. ಹೋಗಲಾ? (ಶನಿವಾರಸಂತೆ)

ಉತ್ತರ: ಹೋಗುವುದು ಬಿಡುವುದು ನಿಮ್ಮ ಡಾಕ್ಟರ್ ಮಾತು ಕೇಳಿ ತೀರ್ಮಾನಿಸಿ, ನನ್ನ ಮಾತಲ್ಲ. ಅವರು ಒಪ್ಪಿದರೂ ಮುಳುಗುವ ಆಸೆ ಬಿಟ್ಟು, ಲೈಫ್ ಜಾಕೆಟ್ ಹಾಕಿಕೊಂಡು ಸ್ನಾರ್ಕೆಲ್‌ನಲ್ಲಿ (ಉಸಿರಾಡುವ ಕೊಳವೆ) ಮೇಲೆ ತೇಲಿ. ಶೀತ ಇದ್ದ ದಿನ ಮುಳುಗುವುದು ಯಾರಿಗೂ ಬೇಡ, ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಬಿಡುವುದಿಲ್ಲ, ತಮಟೆ ಹರಿಯಬಹುದು. ಅಷ್ಟು ದೂರದ ಪ್ರಯಾಣ ಆಗದು ಅನ್ನಿಸಿದರೆ ಶ್ರೀಲಂಕಾದ ಮಿರಿಸ್ಸ ಇದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ದೋಣಿಯಲ್ಲಿ ಕೂತೇ ನೀಲಿ ತಿಮಿಂಗಿಲ ನೋಡಬಹುದು.

ಟೋಂಗಾಕ್ಕೇ ಹೋದರೆ ಮಗ ನೀರಿನಲ್ಲಿರುವಾಗ ದೋಣಿ ಮೇಲೆ ನಿಮಗೂ ಕೆಲಸ ಇದೆ. ಹಂಪ್‌ಬ್ಯಾಕ್ ಆಳಕ್ಕೆ ಮುಳುಗುವಾಗ ಬಾಲ ಎತ್ತುತ್ತದೆ. ಬಾಲದ ಅಡಿಯ ಕಪ್ಪು ಬಿಳುಪು ಗುರುತು ಒಂದಕ್ಕಿದ್ದ ಹಾಗೆ ಇನ್ನೊಂದಕ್ಕಿಲ್ಲ. ತಿಮಿಂಗಿಲದ ಹಿಂದಿನಿಂದ, ಬಾಲ ಪೂರ್ತಿ ಎದ್ದಾಗ ತೆಗೆದು, ತಾರೀಕು ಮತ್ತು ಜಾಗ ಬರೆದಿಟ್ಟು, 'ಹ್ಯಾಪಿವೇಲ್' ಅನ್ನುವ ತಾಣಕ್ಕೆ ಕಳಿಸಿ. ಆ ತಿಮಿಂಗಿಲ ಈ ಮುಂಚೆ ಬೇರೆಲ್ಲಾದರೂ ಕಂಡಿದ್ದರೆ ಅವರು ತಿಳಿಸುತ್ತಾರೆ.